ಅತ್ತೆ ಮೆಚ್ಚಿದ ಮನೆ

ಇಷ್ಟಕ್ಕೆಲ್ಲ ಕಾರಣ ಒಂದು ಬಿಸ್ಕತ್ತು.

ಹಿಂದಿನ ಸಂಜೆ ಅತ್ತೆಯ ಫೋನು ಬಂದಾಗ ಮೆಕ್ಯಾನಿಕ್ ಸ್ನಾನಕ್ಕೆ ಹೋಗಿದ್ದ. ಫೋನೆತ್ತಿದವನು ನಾಲ್ಕು ವರ್ಷದ ಮಗ. "ಏನು ತಿಂದ್ಯೋ ಕಂದಾ?" ಎಂದು ಅಜ್ಜಿ ಕೇಳಿದ್ದಕ್ಕೆ ಅವನು ಕಟಕಟೆಯಲ್ಲಿ ನಿಂತ ಸಾಕ್ಷಿಯಂತೆ ಇದ್ದದ್ದು ಇದ್ದಹಾಗೆ ಹೇಳಿದ. "ಬೆಳಗ್ಗೆ ಬಿಸ್ಕತ್ತು. ಮಧ್ಯಾಹ್ನನೂ ಬಿಸ್ಕತ್ತು. ಅನ್ನ ಸೀದುಹೋಯ್ತಲ್ಲ, ಅದಕ್ಕೆ."

ಆ ಕಡೆಯಿಂದ, "ನಾಳೆ ಬೋಟಿಗೆ ನಾನು ಬರ್ತಿದೀನಿ ಅಂತ ಅಪ್ಪಂಗೆ ಹೇಳು" ಎಂಬ ಮಾತು ಬಂತು.

ಹೇಳುವುದನ್ನು ಮಗ ಮರೆತ. ಮರುದಿನ ಬೆಳಗ್ಗೆ ಹಲ್ಲುಜ್ಜುವಾಗ ಬಾಯಿತುಂಬ ನೊರೆ ತುಂಬಿಕೊಂಡು ನೆನಪಿಸಿಕೊಂಡ.

ಮೆಕ್ಯಾನಿಕ್ ಕೈಯಲ್ಲಿದ್ದ ಬಾಚಣಿಗೆ ಮಗಳ ತಲೆಯಲ್ಲೇ ನಿಂತಿತು. ಆ ದ್ವೀಪಕ್ಕೆ ಬೋಟು ಬರುವುದು ವಾರಕ್ಕೊಂದು ಸಲ. ಮಧ್ಯಾಹ್ನ ಬಂದು ಸಂಜೆ ವಾಪಸ್ಸು. ಅಂದರೆ ಅತ್ತೆ ಈಗಾಗಲೇ ಕಡಲ ಮಧ್ಯದಲ್ಲಿದ್ದರು.

ಅವನು ಜೆಟ್ಟಿಯಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ದ್ವೀಪದ ಯಾವ ಎಂಜಿನ್ನೂ ಅವನ ಕೈ ಸೋಕದೆ ಓಡುತ್ತಿರಲಿಲ್ಲ. ಆದರೆ ಹೋದ ಮಳೆಗಾಲದಲ್ಲಿ, ಅವನ ಹೆಂಡತಿ ಜ್ವರದಲ್ಲಿ ಮಲಗಿದ್ದ ವಾರ, ಎಂಜಿನ್ನುಗಳೆಲ್ಲ ಸರಿಯಾಗಿಯೇ ಇದ್ದವು, ಕಡಲು ಒಪ್ಪಲಿಲ್ಲ. ಅಲೆ ಇಳಿದು ಬೋಟು ಹೊರಡುವ ಹೊತ್ತಿಗೆ ಆಸ್ಪತ್ರೆಗೆ ಕರೆದೊಯ್ಯಲು ಅವಳಿರಲಿಲ್ಲ. ಎಲ್ಲ ಮುಗಿದು ಹೊರಡುವಾಗ ಅತ್ತೆ, "ಕೈಲಾಗದಿದ್ರೆ ಹೇಳಿ, ಅಳಿಯಂದ್ರೇ. ಮಕ್ಕಳನ್ನ ನಾನು ನೋಡ್ಕೋತೀನಿ" ಎಂದಿದ್ದರು. ಆ ಮಾತು ಅಂದಿನಿಂದ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

"ಕರ್ಕೊಂಡು ಹೋಗೋಕೇ ಬರ್ತಿರೋದು. ಇದರಲ್ಲಿ ಅನುಮಾನವೇ ಬೇಡ" ಎಂದು ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ತೀರ್ಪು ಕೊಟ್ಟಳು. ಊರಿಗೆಲ್ಲ ಅವಳು ರೇಡಿಯೋ ಅಕ್ಕ. ಸುದ್ದಿ ಅವಳ ಕಿವಿಗೆ ಬೀಳುವುದಕ್ಕೂ ದ್ವೀಪದ ಆ ತುದಿ ಮುಟ್ಟುವುದಕ್ಕೂ ಹೆಚ್ಚು ಅಂತರವಿರುತ್ತಿರಲಿಲ್ಲ. ಹಾಗೆಯೇ ಆಯಿತು. ಅವನು ಮನೆಯೊಳಗೆ ಹೋಗಿ ತಿರುಗುವಷ್ಟರಲ್ಲಿ ಎದುರುಮನೆಯ ನಿವೃತ್ತ ಕಾಂಪೌಂಡರ್ ತೋಳು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಕಾಂಪೌಂಡರ್ ಮನೆಯನ್ನು ರೋಗಿಯನ್ನು ನೋಡುವ ಹಾಗೆ ನೋಡಿದರು. ಊಟದ ಮೇಜಿನ ಮೇಲೆ ಬಿಚ್ಚಿದ ಗೇರ್‌ಬಾಕ್ಸು. ಅನ್ನದ ಪಾತ್ರೆಯಲ್ಲಿ ಸೀಮೆಎಣ್ಣೆ, ಅದರಲ್ಲಿ ನೆನೆಯುತ್ತಿರುವ ಬೇರಿಂಗುಗಳು. ಕುರ್ಚಿಗಳ ಮೇಲೆ ಒಗೆದ ಬಟ್ಟೆ, ಒಗೆಯದ ಬಟ್ಟೆ, ಯಾವುದು ಯಾವುದೆಂದು ಬಟ್ಟೆಗೇ ಗೊತ್ತಿಲ್ಲ. ನೆಲದ ತುಂಬ ಮರಳು.

"ಕೇಸು ಸೀರಿಯಸ್ಸು" ಎಂದರು ಕಾಂಪೌಂಡರ್. "ಆದ್ರೆ ಕೈ ಬಿಡೋ ಹಾಗಿಲ್ಲ. ಪೊರಕೆ ಎಲ್ಲಿ?"

ಕೆಲಸ ಶುರುವಾಯಿತು. ಮೆಕ್ಯಾನಿಕ್ ಗುಡಿಸಿ ಹೊರಹಾಕಿದ ಮರಳು ಕಡಲ ಗಾಳಿಯ ಜೊತೆ ಕರೆಯದ ನೆಂಟನ ಹಾಗೆ ಹಿಂಬಾಗಿಲಿಂದ ಒಳಬಂತು. ಕಾಂಪೌಂಡರ್ ಮೂಲೆಯ ಬೂಟಿನೊಳಗೆ ಕೈಹಾಕಿ "ಅಯ್ಯಪ್ಪೋ!" ಎಂದು ಕಿರುಚಿದರು. ಕೈ ಹೊರಗೆ ಬಂದಾಗ ಬೆರಳಿಗೆ ಒಂದು ಏಡಿ ನೇತಾಡುತ್ತಿತ್ತು.

"ತಾತಾ, ಅದನ್ನ ನೋಯಿಸ್ಬೇಡಿ" ಎಂದು ಮಗ ಅಳುತ್ತ ಓಡಿಬಂದ. "ಅದು ನನ್ನ ಜೊತೆ ಮಲಗೋದು."

"ನೋವಾಗ್ತಿರೋದು ಯಾರಿಗೆ ಅಂತ ಮೊದಲು ಕೇಳೋ ಮಾರಾಯ!"

ಮಗಳ ಜಡೆ ಬೇರೆಯೇ ಕತೆ. ಉಪ್ಪುಗಾಳಿಗೆ ಆ ಏಳು ವರ್ಷದ ಹುಡುಗಿಯ ಕೂದಲು ಹಳೆಯ ಬಲೆಯಂತಾಗಿತ್ತು. ಬಾಚಣಿಗೆಯ ಹಲ್ಲುಗಳು ಒಂದೊಂದೇ ಅದರಲ್ಲಿ ಉದುರಿದ ಮೇಲೆ ಮೆಕ್ಯಾನಿಕ್ ತನಗೆ ಗೊತ್ತಿದ್ದ ವಿದ್ಯೆಯನ್ನೇ ಹೂಡಿದ. ದೋಣಿಯ ಹಗ್ಗ ಹೆಣೆಯುವ ಹಾಗೆ ಹೆಣೆದು ತುದಿಗೊಂದು ಗಂಟು ಬಿಗಿದ. ಗಂಟು ಎಷ್ಟು ಭದ್ರವಾಗಿತ್ತೆಂದರೆ ಆ ಹುಡುಗಿಗೆ ಒಂದು ದೋಣಿಯನ್ನೇ ಕಟ್ಟಿ ನಿಲ್ಲಿಸಬಹುದಿತ್ತು. ರೇಡಿಯೋ ಅಕ್ಕ ಹಣೆ ಚಚ್ಚಿಕೊಂಡು ಅದನ್ನು ಬಿಚ್ಚಿ, ಎಣ್ಣೆ ಸುರಿದು, ಎರಡು ಜಡೆ ಎಳೆದು ಹಾಕಿದಳು. ಎಳೆತದ ರಭಸಕ್ಕೆ ಹುಡುಗಿಯ ಹುಬ್ಬುಗಳು ಮೇಲೇರಿ, ಅವಳು ಇಡೀ ದಿನ ಏನನ್ನೋ ಕಂಡು ಬೆರಗಾದವಳಂತೆಯೇ ಕಾಣುತ್ತಿದ್ದಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ರೇಡಿಯೋ ಅಕ್ಕ ಹಿಡಿದ ಕೆಲಸ ಬಿಡುವವಳಲ್ಲ. ತನ್ನ ಮನೆಯ ಪರದೆ ತಂದು ಕಿಟಕಿಗೆ ಹಾಕಿದಳು. ತನ್ನ ಒಲೆಯ ಮೇಲಿದ್ದ ಅಡುಗೆಯನ್ನು ಪಾತ್ರೆ ಸಮೇತ ಹೊತ್ತು ತಂದಳು. ಗೋಡೆಯ ಗೂಟಗಳಲ್ಲಿ, ಬಾಗಿಲ ಹಿಂದೆ, ಮಂಚದ ಕೆಳಗೆ ಎಲ್ಲೆಲ್ಲಿ ಬಟ್ಟೆಯಿತ್ತೋ ಅಷ್ಟನ್ನೂ ಬಾಚಿ, ಸೋಪಿನ ನೀರಲ್ಲಿ ಅದ್ದಿ, ಕುಕ್ಕಿ, ಹಿಂಡಿ, ಎರಡು ತೆಂಗಿನಮರಗಳ ನಡುವಿನ ಹಗ್ಗಕ್ಕೆ ಹರವಿದಳು.

ಮೆಕ್ಯಾನಿಕ್ ಅನ್ನದ ಪಾತ್ರೆ ಉಜ್ಜುತ್ತ ಕಿಟಕಿಯಿಂದ ಹೊರಗೆ ನೋಡಿದ. ಬೆಡ್‌ಶೀಟುಗಳ ಪಕ್ಕದಲ್ಲಿ ನೀಲಿ ಹೂವಿನ ಒಂದು ನೈಟಿ ನೀರು ತೊಟ್ಟಿಕ್ಕಿಸುತ್ತ ನೇತಾಡುತ್ತಿತ್ತು.

ಮಳೆಗಾಲದಿಂದ ಅದು ಮಲಗುವ ಕೋಣೆಯ ಬಾಗಿಲ ಹಿಂದೆ, ಅವಳು ತೂಗುಹಾಕಿದ ಹಾಗೆಯೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ ಅನ್ನುವಂತಿಲ್ಲ. ಬಿದ್ದು ಮಂಡಿ ತರಚಿದಾಗ, ಹೊಟ್ಟೆನೋವು ಬಂದಾಗ, ಸುಮ್ಮನೆ ಇದ್ದಾಗಲೂ ಮಕ್ಕಳು ಬಾಗಿಲ ಹಿಂದೆ ಹೋಗಿ ಅದರಲ್ಲಿ ಮುಖ ಹುದುಗಿಸಿ ನಿಂತು ಬರುತ್ತಿದ್ದರು. ಅವರು ಶಾಲೆಗೆ ಹೋದಾಗ ಅವನೂ ಹೋಗಿ ನಿಲ್ಲುತ್ತಿದ್ದ.

ಮಗಳು ಹಗ್ಗದ ಹತ್ತಿರ ಹೋದಳು. ಒದ್ದೆ ಬಟ್ಟೆಗೆ ಮೂಗೊಡ್ಡಿದಳು. ಇನ್ನೊಂದು ಕಡೆಯಿಂದಲೂ ಒಡ್ಡಿದಳು.

"ಅಪ್ಪಾ, ಸೋಪಿನ ವಾಸನೆ ಬರ್ತಿದೆ."

ರೇಡಿಯೋ ಅಕ್ಕನ ಮುಖ ಸಣ್ಣದಾಯಿತು. "ನಂಗೆ... ನಂಗೊತ್ತಾಗ್ಲಿಲ್ಲಪ್ಪ."

"ಪರವಾಗಿಲ್ಲ ಅಕ್ಕ" ಎಂದ ಮೆಕ್ಯಾನಿಕ್. "ಕೊಳೆಯಾಗಿತ್ತು." ಎಂದವನು ಕಿಟಕಿಗೆ ಬೆನ್ನು ತಿರುಗಿಸಿ, ಆಗಲೇ ಬೆಳಗಿದ್ದ ಪಾತ್ರೆಯನ್ನು ಮತ್ತೆ ಉಜ್ಜತೊಡಗಿದ.

ಅಳುವುದಕ್ಕೆ ಸಮಯವಿರಲಿಲ್ಲ. ಕಾಂಪೌಂಡರ್ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. "ಅಜ್ಜಿ ಏನು ಕೇಳಿದ್ರೂ ಎರಡೇ ಮಾತು. 'ಎಲ್ಲಾ ಅಪ್ಪನೇ ಮಾಡ್ತಾರೆ.' 'ನಮಗೆ ಏನೂ ಬೇಡ.' ಎಲ್ಲಿ, ಹೇಳಿ? ಮತ್ತೆ ಅಳಕೂಡದು. ಅತ್ತರೆ ಬೋಟು ಹತ್ತಿಸ್ತಾರೆ."

ಅತ್ತೆ ಬಂದರು. ಕೈಯಲ್ಲಿ ಒಂದು ಸಣ್ಣ ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. "ನೋಡಿದ್ರಾ?" ಎಂದು ರೇಡಿಯೋ ಅಕ್ಕ ಬೇಲಿಯಾಚೆ ಕಾಂಪೌಂಡರ್ ಕಿವಿಯಲ್ಲಿ ಉಸುರಿದಳು, "ವಾಪಸ್ ಹೋಗುವಾಗ ಮಕ್ಕಳನ್ನ ಎತ್ಕೊಳ್ಳೋಕೆ ಕೈ ಖಾಲಿ ಇಟ್ಕೊಂಡೇ ಬಂದಿದಾರೆ."

ಅತ್ತೆ ಹೊಸಿಲು ದಾಟಿ ನಿಂತು ಸುತ್ತ ನೋಡಿದರು. ಕನ್ನಡಿಯಂಥ ನೆಲ. ಗರಿಗರಿ ಪರದೆ. ಮೇಜಿನ ಮೇಲೆ ಹಬೆಯಾಡುವ ಊಟ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಗೊಂಬೆಗಳಂತೆ ನಿಂತ ಮೊಮ್ಮಕ್ಕಳು.

"ಅಡುಗೆ ಯಾರದ್ದು, ಅಳಿಯಂದ್ರೇ?"

"ಎಲ್ಲಾ ಅಪ್ಪನೇ ಮಾಡ್ತಾರೆ!" ಎಂದ ಮಗ, ಗುಂಡು ಹಾರಿದ ಹಾಗೆ.

ಅತ್ತೆ ಚೀಲದಿಂದ ಮಿಠಾಯಿ ಪೊಟ್ಟಣ ತೆಗೆದು ಅವನ ಮುಂದೆ ಹಿಡಿದರು. ಹುಡುಗ ಮಿಠಾಯಿ ನೋಡಿದ, ಕಿಟಕಿಯಾಚೆ ನಿಂತ ಕಾಂಪೌಂಡರನ್ನು ನೋಡಿದ, ಎಂಜಲು ನುಂಗಿದ. "ನಮಗೆ ಏನೂ ಬೇಡ."

ಅತ್ತೆ ಪೊಟ್ಟಣವನ್ನು ಮೆಲ್ಲನೆ ಮೇಜಿನ ಮೇಲಿಟ್ಟರು. ಊಟ ಮಾಡಿದರು, ಹೆಚ್ಚೇನೂ ಸೇರಲಿಲ್ಲ. ಮಲಗುವ ಕೋಣೆಗೆ ಹೋಗಿ, ಬಾಗಿಲನ್ನು ಸ್ವಲ್ಪ ಎಳೆದು ಅದರ ಹಿಂದೆ ನೋಡಿದರು.

"ಇಲ್ಲೊಂದು ನೈಟಿ ಇತ್ತಲ್ಲ. ನಾನೇ ಕಳಿಸಿದ್ದು, ಅವಳ ಹುಟ್ಟಿದಹಬ್ಬಕ್ಕೆ."

"ಒಗೆದು ಹಾಕಿದೀವಿ, ಅತ್ತೆ."

"ಹೌದಾ? ಒಳ್ಳೇದಾಯ್ತು" ಎಂದು ಅತ್ತೆ ಖಾಲಿ ಗೂಟವನ್ನೊಮ್ಮೆ ಮುಟ್ಟಿದರು. ಆಮೇಲೆ ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು, "ಅಮ್ಮನ ನೆನಪಾದ್ರೆ ಏನ್ ಮಾಡ್ತೀಯಾ, ಪುಟ್ಟಿ?" ಎಂದು ಕೇಳಿದರು.

ಹುಡುಗಿ ಅಪ್ಪನ ಮುಖ ನೋಡಿದಳು. ಏರಿಸಿ ಕಟ್ಟಿದ ಹುಬ್ಬುಗಳ ಕೆಳಗೆ ಕಣ್ಣುಗಳು ತುಂಬಿಕೊಂಡವು. ಆದರೆ ತುಳುಕಲು ಅವಳು ಬಿಡಲಿಲ್ಲ. "ನಾವು ಅಳಲ್ಲ ಅಜ್ಜಿ" ಎಂದಳು.

ಅತ್ತೆ ಬಹಳ ಹೊತ್ತು ಅವಳ ಬೆನ್ನು ಸವರುತ್ತ ಕೂತರು. ಬಿಸಿಲು ಇಳಿಯುವಾಗ ಎದ್ದರು. "ನಾನು ಇದೇ ಬೋಟಿಗೆ ಹೊರಡ್ತೀನಿ. ನೀವ್ಯಾರೂ ಜೆಟ್ಟಿಗೆ ಬರ್ಬೇಡಿ, ಮಕ್ಕಳ ಮುಂದೆ ನಂಗೆ ಕಷ್ಟ ಆಗುತ್ತೆ. ಅಳಿಯಂದ್ರೇ, ಹೆಂಗಸು ಇರೋ ಮನೆ ಕೂಡ ಇಷ್ಟು ಒಪ್ಪವಾಗಿರಲ್ಲ. ನಂಗೆ ನೆಮ್ಮದಿಯಾಯ್ತು."

ಮಕ್ಕಳನ್ನು ಕರೆದೊಯ್ಯುವ ಸುದ್ದಿಯನ್ನೇ ಅವರು ಎತ್ತಲಿಲ್ಲ. ಅತ್ತೆ ರಸ್ತೆಯ ತಿರುವಿನಲ್ಲಿ ಮರೆಯಾಗುವುದನ್ನೇ ಕಾಯುತ್ತಿದ್ದ ರೇಡಿಯೋ ಅಕ್ಕ ಟೀ ಕೆಟಲಿನೊಂದಿಗೆ ನುಗ್ಗಿದಳು. ಕಾಂಪೌಂಡರ್ ಕಟ್ಟುಹಾಕಿದ ಬೆರಳನ್ನು ಎತ್ತಿ, "ರೋಗಿ ಬದುಕಿದ!" ಎಂದು ಘೋಷಿಸಿದರು. ಮೆಕ್ಯಾನಿಕ್ ಕುರ್ಚಿಗೆ ಕುಸಿದು ನಕ್ಕ. ಮಳೆಗಾಲದ ನಂತರ ಅವನು ನಕ್ಕದ್ದು ಅದೇ ಮೊದಲು.

ಕಪ್ಪಿನಲ್ಲಿ ಎರಡನೇ ಸುತ್ತಿನ ಟೀ ಇನ್ನೂ ಆರಿರಲಿಲ್ಲ. ಜೆಟ್ಟಿಯ ಹಮಾಲಿ ಹೆಗಲ ಮೇಲೆ ಹಾಸಿಗೆ ಸುರುಳಿಯೊಂದನ್ನು ಹೊತ್ತು ಏದುಸಿರು ಬಿಡುತ್ತ ಬಂದು, ಅದನ್ನು ಧೊಪ್ಪೆಂದು ನೆಲಕ್ಕೆ ಹಾಕಿದ.

"ನಿಮ್ಮತ್ತೆದು. ಏರಿಸೋದು ಮರ್ತೇಹೋಯ್ತು. ಅಲ್ಲ ಅಣ್ಣಾ, ಎರಡು ಟ್ರಂಕು, ಪಾತ್ರೆ ಮೂಟೆ, ಈ ಹಾಸಿಗೆ, ಎಲ್ಲಾ ಮಧ್ಯಾಹ್ನ ಇಳಿಸಿದ್ದೂ ನಾನೇ, ಈಗ ಇದೊಂದು ಬಿಟ್ಟು ಮತ್ತೆ ಹತ್ತಿಸಿದ್ದೂ ನಾನೇ. ಸೊಂಟ ಬಿದ್ದುಹೋಯ್ತು. ಬಾಡಿಗೆ ಮನೆ ಬಿಟ್ಟು ಮೊಮ್ಮಕ್ಕಳ ಜೊತೆ ಇರೋಕೆ ಬಂದಿದೀನಿ ಅಂತ ಆವಾಗ ಹೇಳಿದ್ರು. 'ಶೆಡ್ಡಲ್ಲಿ ಇಟ್ಟಿರು, ಅಳಿಯಂದ್ರನ್ನ ಒಂದ್ಮಾತು ಕೇಳಿ ತರಿಸ್ಕೋತೀನಿ' ಅಂದ್ರು. ಈಗ ನೋಡಿದ್ರೆ, 'ಅಲ್ಲಿ ನನ್ನ ಅವಶ್ಯಕತೆಯೇ ಇಲ್ಲಪ್ಪ, ತಂಗಿ ಮನೆಗೆ ಹೋಗಿ ಬಿದ್ದಿರ್ತೀನಿ' ಅಂತ ಅಳ್ತಾ ಹತ್ತಿದ್ರು. ಜಗಳ ಆಯ್ತಾ?"

ಮೆಕ್ಯಾನಿಕ್ ಆಗಲೇ ಓಡುತ್ತಿದ್ದ. ಹಿಂದೆ ಮಗಳು ತಮ್ಮನ ಕೈಹಿಡಿದು ಎಳೆಯುತ್ತ ಓಡಿದಳು. ಅವರ ಹಿಂದೆ ರೇಡಿಯೋ ಅಕ್ಕ, ಎಲ್ಲರ ಕೊನೆಗೆ ಕುಂಟುತ್ತ ಕಾಂಪೌಂಡರ್.

ಬೋಟು ಜೆಟ್ಟಿ ಬಿಟ್ಟಿತ್ತು. ಡೆಕ್ಕಿನ ಕಂಬಿ ಹಿಡಿದು ನಿಂತ ಅತ್ತೆ ಚಿಕ್ಕದಾಗಿ ಕಾಣುತ್ತಿದ್ದರು. ಮೆಕ್ಯಾನಿಕ್ ಜೆಟ್ಟಿಯ ತುದಿಗೆ ಹೋಗಿ ಎರಡೂ ಕೈ ಎತ್ತಿ ಬೀಸಿದ. "ಅತ್ತೇ! ಹೋಗ್ಬೇಡಿ! ನಂಗೇನೂ ಬರಲ್ಲ! ಅಡುಗೆ ನಂದಲ್ಲ! ಏನೂ ನಂದಲ್ಲ!"

ಎಂಜಿನ್ನು ಅವನೇ ಸರಿಮಾಡಿಕೊಟ್ಟದ್ದು. ಸೊಗಸಾಗಿ ಗುಡುಗುತ್ತಿತ್ತು, ಅವನ ದನಿ ನೀರಿನ ಅಂಚನ್ನೂ ದಾಟಲಿಲ್ಲ.

ಮಕ್ಕಳೂ ಕುಣಿದು ಕುಣಿದು ಕೈ ಬೀಸಿದರು. ಆ ಕಡೆಯಿಂದ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಾವೂ ಕೈ ಬೀಸಿದರು. ಅಷ್ಟೊಂದು ಸಂಭ್ರಮದಿಂದ ಬೀಳ್ಕೊಡುತ್ತಿರುವ ಸಂಸಾರವನ್ನು ಕಂಡ ಬೋಟಿನ ಚಾಲಕ, ಮಕ್ಕಳಿಗೆ ಖುಷಿಯಾಗಲಿ ಎಂದು ಎರಡು ಸಲ ಹಾರ್ನ್ ಹೊಡೆದ.