ಮುಂಗಡ ಶಹಬ್ಬಾಸ್

ಗಾಲ್ಫ್ ಮೈದಾನದ ಹದಿನೆಂಟೂ ಕುಳಿಗಳನ್ನು ಒಂದೊಂದೇ ಏಟಿಗೆ ಮುಗಿಸಿದ ಏಕೈಕ ಮನುಷ್ಯ ನಾನು. ಇದು ಸುಳ್ಳು. ಗಾಲ್ಫ್ ಕೋಲನ್ನು ನಾನು ಕೈಯಲ್ಲಿ ಹಿಡಿದದ್ದೇ ಒಂದು ಸಲ, ಅದೂ ನಾಯಿ ಓಡಿಸಲಿಕ್ಕೆ. ನಾಯಿ ಓಡಲಿಲ್ಲ. ಆದರೆ ಮುಂದೆ ಹೇಳುವುದೆಲ್ಲ ನಿಜ. ಇಂಥದ್ದನ್ನು ಕಟ್ಟಿ ಹೇಳುವಷ್ಟು ತಲೆ ನನಗಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಆಟವು ನಿಧಾನವಾಗಿ ಸಾಗುತ್ತಿದೆ ಎಂಬ ಅಂಶವನ್ನು ಆಡಳಿತ ಮಂಡಳಿಯು ಗಂಭೀರವಾಗಿ ಪರಿಗಣಿಸಿತ್ತು. ಬೆಳಿಗ್ಗೆ ಹೊರಟವರು ದೀಪ ಹಚ್ಚುವ ಹೊತ್ತಿಗೂ ವಾಪಸಾಗುತ್ತಿರಲಿಲ್ಲ. ಹಿಂದಿನ ತಂಡದವರು ಹುಲ್ಲಿನ ಮೇಲೆ ಕೂತು ಕಾದು, ಮಲಗಿ ಕಾದು, ಕಡೆಗೆ ಹೆಂಡತಿಯರಿಗೆ ಫೋನ್ ಮಾಡಿ ಬೈಸಿಕೊಳ್ಳುತ್ತ ಕಾಯುತ್ತಿದ್ದರು. ಆದ್ದರಿಂದ ‘ವೇಗಾಧಿಕಾರಿ’ ಎಂಬ ಹುದ್ದೆಯನ್ನು ಸೃಷ್ಟಿಸಲಾಯಿತು. ಅರ್ಹರಿಗಾಗಿ ಎಲ್ಲೆಡೆ ಹುಡುಕಿ, ಕೊನೆಗೆ ಕಾರ್ಯದರ್ಶಿಗಳ ತಂಗಿಯ ಗಂಡನನ್ನೇ ಆರಿಸಲಾಯಿತು. ಆ ಗಂಡ ನಾನೇ.

“ನೋಡು,” ಎಂದರು ಭಾವ, ಆಫೀಸಿನ ಬಾಗಿಲು ಮುಚ್ಚಿ. “ವಾರ್ಷಿಕ ಕಪ್ ಪಂದ್ಯದ ದಿನ ಕತ್ತಲಾಗೋದ್ರೊಳಗೆ ಕೊನೇ ತಂಡ ವಾಪಸ್ ಬಂದಿರ್ಬೇಕು. ಬರ್ಲಿಲ್ವೋ, ನಿನ್ನ ಕೆಲಸ ಹೋಯ್ತು. ಆಮೇಲೆ ನನ್ನ ತಂಗಿಗೆ ನೀನೇ ಉತ್ತರ ಹೇಳ್ಕೋ.”

“ಭಾವ, ಕೆಲಸ ಹೋದ್ರೆ ಹೋಗ್ಲಿ. ಆ ಉತ್ತರ ಮಾತ್ರ ನೀವು ಹೇಳಿ.”

“ನಾನು ಅವಳ ಜೊತೆ ಬೆಳೆದವನು ಕಣಯ್ಯ. ನನ್ನ ಕೈಲಾಗಲ್ಲ.”

ನಾನು ಅಧ್ಯಕ್ಷರ ತಂಡದ ಹಿಂದೆ ನಡೆದು ಕಾರಣ ಪತ್ತೆ ಹಚ್ಚಿದೆ. ಅಧ್ಯಕ್ಷರು ಚೆಂಡಿಗೆ ಹೊಡೆದೊಡನೆ ಉಪಾಧ್ಯಕ್ಷರು, ಖಜಾಂಚಿ, ಡಾಕ್ಟರು, ಹೀಗೆ ಹಿರಿತನದ ಪ್ರಕಾರ ಎಲ್ಲರೂ ಮುಂದೆ ಬಂದು ಹೊಗಳುವುದು ಕ್ಲಬ್ಬಿನ ಪದ್ಧತಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಆವತ್ತು ಅಧ್ಯಕ್ಷರ ಚೆಂಡು ಕೆರೆಗೆ ಬಿತ್ತು.

“ಎಷ್ಟು ನೇರ ಸಾರ್, ಸರಿಯಾಗಿ ಮಧ್ಯಕ್ಕೇ,” ಎಂದರು ಉಪಾಧ್ಯಕ್ಷರು.

“ದಡಕ್ಕೆ ಬೀಳ್ಸೋದು ಯಾರು ಬೇಕಾದ್ರೂ ಮಾಡ್ತಾರೆ,” ಎಂದರು ಖಜಾಂಚಿ, ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿ.

ನಾನು ಅಧ್ಯಕ್ಷರ ಬಳಿ ಹೋಗಿ ತಲೆ ಕೆರೆದುಕೊಂಡೆ. “ಸಾರ್, ಸ್ವಲ್ಪ ಬೇಗ...”

“ನಾನೆಲ್ಲಿ ತಡ ಮಾಡ್ತೀನಪ್ಪ? ನಾನು ಹೊಡೆಯೋದು ಕಣ್ಣು ಮಿಟುಕಿಸೋದ್ರೊಳಗೆ. ಮಾತಾಡೋರು ಇವರು. ಜನರ ಬಾಯಿ ಕಟ್ಟೋಕಾಗುತ್ತಾ?”

“ಕಟ್ಟೋದು ಬೇಡ ಸಾರ್. ಮೊದಲೇ ಹೇಳಿಸ್ಬಿಡೋಣ.”

ಮರುದಿನವೇ ಪ್ರಕಟಣೆ ಹೊರಬಿತ್ತು: “ಆಟದ ವೇಗದ ಹಿತದೃಷ್ಟಿಯಿಂದ, ಅಧ್ಯಕ್ಷರ ಹೊಡೆತಗಳ ಬಗ್ಗೆ ಸದಸ್ಯರಿಗೆ ಉಂಟಾಗಲಿರುವ ಮೆಚ್ಚುಗೆಯನ್ನು ಆಟದ ಆರಂಭಕ್ಕೆ ಮುನ್ನವೇ ಜಗಲಿಯಲ್ಲಿ ಸಲ್ಲಿಸತಕ್ಕದ್ದು. ಮೈದಾನದೊಳಗೆ ಮೆಚ್ಚುವುದನ್ನು ನಿಷೇಧಿಸಲಾಗಿದೆ. ಅಕಸ್ಮಾತ್ ಮೆಚ್ಚುಗೆಯಾದಲ್ಲಿ ಅದುಮಿಟ್ಟುಕೊಳ್ಳತಕ್ಕದ್ದು.”

ಕಪ್ ಪಂದ್ಯದ ದಿನ ಬೆಳಿಗ್ಗೆಯೇ ಎಲ್ಲರೂ ಜಗಲಿಯಲ್ಲಿ ನೆರೆದರು. ಮೊದಲ ಕುಳಿಯಿಂದ ಹೊಗಳಿಕೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಕಣ್ಣೊರೆಸಿಕೊಳ್ಳುತ್ತಿದ್ದರು.

“ಆ ಮರಳಗುಂಡಿಯಿಂದ ನೀವು ಚೆಂಡು ಎತ್ತಿದ್ದು ನೋಡಿ ನನಗೆ ಅಳು ಬಂದ್ಬಿಡ್ತು ಸಾರ್.”

“ಇನ್ನೂ ಎತ್ತಿಲ್ವಲ್ಲ ಡಾಕ್ಟ್ರೇ,” ಎಂದೆ ನಾನು ಕಿವಿಯಲ್ಲಿ.

“ಎತ್ತಿದ ಮೇಲೆ ಅಳೋಕೆ ನಿನ್ನ ನಿಯಮ ಎಲ್ಲಿ ಬಿಡುತ್ತೆ?”

ಬಿಸಿಲು ಜಗಲಿಯಿಂದ ಇಳಿದು ಹೋಯಿತು. ಯಾರೂ ಮೈದಾನಕ್ಕೆ ಇಳಿಯಲಿಲ್ಲ. ಭಾವ ನನ್ನ ತೋಳು ಹಿಡಿದು ಮೂಲೆಗೆ ಎಳೆದರು. “ಕತ್ತಲಾಗ್ತಿದೆ. ನಿನ್ನ ಕಥೆ ಮುಗೀತು.”

“ಭಾವ, ಮೈದಾನದಲ್ಲಿ ಯಾರಾದ್ರೂ ತಡ ಮಾಡ್ತಿದಾರಾ?”

ಅವರು ಇಣುಕಿ ನೋಡಿದರು. “ಯಾರೂ ಇಲ್ಲ.”

“ಕೊನೇ ತಂಡ ಎಲ್ಲಿದೆ?”

“ಇಲ್ಲೇ ಇದೆ.” ಭಾವ ನನ್ನ ತೋಳು ಬಿಟ್ಟರು. “ಹೊರಗೆ ಒಬ್ಬನೂ ಉಳಿದಿಲ್ಲ ಅನ್ನೋದಂತೂ ನಿಜ.”

ಆಟವು ತೃಪ್ತಿಕರ ವೇಗದಲ್ಲಿ ನಡೆಯಿತೆಂದು ಮಂಡಳಿಯು ದಾಖಲಿಸಿತು. ಸರ್ವಸದಸ್ಯರ ಸಾಕ್ಷ್ಯದ ಆಧಾರದ ಮೇಲೆ ಕಪ್ ಅಧ್ಯಕ್ಷರಿಗೆ ಸಂದಿತು. ಹನ್ನೊಂದನೇ ಕುಳಿಯಲ್ಲಿ ತಾವು ಕೊಂಚ ಎಡವಿದ್ದಾಗಿ ಅವರು ಭಾಷಣದಲ್ಲಿ ಒಪ್ಪಿಕೊಂಡರು. ಸದಸ್ಯರು ಅದನ್ನು ಒಪ್ಪಲಿಲ್ಲ. ನಾವೇ ಕಣ್ಣಾರೆ ಕಂಡಿದ್ದೇವೆ ಎಂದರು.

ಈಗ ಎಲ್ಲ ಪಂದ್ಯಗಳೂ ಜಗಲಿಯಲ್ಲೇ ಮುಗಿಯುತ್ತವೆ. ಮೈದಾನದ ಹುಲ್ಲು ಮೊಣಕಾಲುದ್ದ ಬೆಳೆದಿದೆ. ಬೇರೆ ಕ್ಲಬ್ಬಿನವರು ಬಂದು ನಮ್ಮ ವೇಗವನ್ನು ಅಧ್ಯಯನ ಮಾಡಿಕೊಂಡು ಹೋಗುತ್ತಾರೆ. ನನ್ನ ಕೆಲಸ ಖಾಯಂ ಆಗಿದೆ. ಸಂಬಳವನ್ನು ಮಾತ್ರ ಭಾವ ನೇರವಾಗಿ ತಮ್ಮ ತಂಗಿಯ ಕೈಗೇ ಕೊಡುತ್ತಾರೆ. ಅದಕ್ಕೇ ಕೇಳ್ತಿದೀನಿ, ಈ ಚಹಾದ ದುಡ್ಡು ನೀವು ಕೊಟ್ಬಿಡಿ ಸ್ವಾಮಿ. ಇನ್ನೂ ಕುಡಿದಿಲ್ಲ, ನಿಜ. ಆದರೆ ಬಹಳ ಚೆನ್ನಾಗಿತ್ತು ಅಂತ ಅಂಗಡಿಯವನಿಗೆ ಆಗಲೇ ಹೇಳಿಯಾಗಿದೆ.