ತವರಿನ ಡಬ್ಬ

ಎಲ್ಲಕ್ಕೂ ಕಾರಣ ಮಲ್ಲಿಕ್ ಭಾಷಣದ ಕೊನೆಯ ಮಾತು. ಚಳ್ಳಕೆರೆಯ ಆಹಾರ ಕಂಪನಿಯೊಂದರಲ್ಲಿ ದಾನಧರ್ಮದ ಉಸ್ತುವಾರಿ ಅವನದು. ದೊಡ್ಡಉಳ್ಳಾರ್ತಿಯ ಅಂಗನವಾಡಿ ಮುಂದೆ ಬ್ಯಾನರ್ ಕಟ್ಟಿಸಿ, ಬಾಣಂತಿಯರಿಗೂ ಮಕ್ಕಳಿಗೂ ಬಾದಾಮಿ ಬೆರೆಸಿದ ರಾಗಿ ಹಿಟ್ಟು ಹಂಚಿ, ಪೊಟ್ಟಣ ಪೊಟ್ಟಣಕ್ಕೂ ಫೋಟೋ ತೆಗೆಸಿದ ಮೇಲೆ, "ನಮಗೆ ವಾಪಸ್ ಏನೂ ಬೇಡ" ಎಂದುಬಿಟ್ಟ.

ಹೆಂಗಸರ ಮುಖ ಸಪ್ಪಗಾಯಿತು. ಪಕ್ಕದ ಮನೆಯಿಂದ ಸಾರು ಬಂದ ಬಟ್ಟಲಿಗೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕದೆ ವಾಪಸ್ ಕೊಡದವರು ಅವರು. ಊರ ಮಹಿಳಾ ಸಂಘದ ಅಧ್ಯಕ್ಷೆ ನಿರ್ಮಲಾ ಮನೆಗೆ ಓಡಿದಳು. ಬೆಳಿಗ್ಗೆ ಬಡಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಇತ್ತು. ಅವಸರಕ್ಕೆ ಕೈಗೆ ಸಿಕ್ಕ ಅಟ್ಟದ ಮೇಲಿನ ಸ್ಟೀಲ್ ಡಬ್ಬಕ್ಕೆ ತುಂಬಿ ತಂದು ಮಲ್ಲಿಕ್ ಕೈಗಿಟ್ಟಳು. ಒಳಗಿನದನ್ನು ತೆಗೆದುಕೊಂಡು ಡಬ್ಬ ವಾಪಸ್ ಕೊಡುತ್ತಾರೆಂದು ಅವಳ ಎಣಿಕೆ. ಮಲ್ಲಿಕ್ ಅದನ್ನು ಕಣ್ಣಿಗೊತ್ತಿಕೊಂಡು ಡಬ್ಬದ ಸಮೇತ ವ್ಯಾನ್ ಹತ್ತಿದ.

ಧೂಳು ಅಡಗಿದ ಮೇಲೆ ಪಕ್ಕದ ಮನೆಯ ಜಯಕ್ಕ ಕೇಳಿದಳು. "ಅದು ನಿಮ್ಮತ್ತೆ ತವರಿನ ಡಬ್ಬ ಅಲ್ಲೇನೇ?"

ನಿರ್ಮಲಾಳ ಎದೆ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ಕುಸಿಯಿತು. ಅತ್ತೆ ತಿಪ್ಪೇರುದ್ರಮ್ಮ ಮೊಳಕಾಲ್ಮೂರಿನಿಂದ ತಂದ ಡಬ್ಬ. ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಬೆಳಗಿ, ಖಾಲಿಯಾಗೇ ಅಟ್ಟಕ್ಕೇರಿಸುತ್ತಿದ್ದಳು. ಅದಕ್ಕೆ ಒಂದು ಕಾಳು ಹಾಕಲೂ ಬಿಡುತ್ತಿರಲಿಲ್ಲ. ಮುಚ್ಚಳದ ಮೇಲೆ 'ನಿಂಗಕ್ಕ' ಎಂದು ಕೆತ್ತಿತ್ತು. ತವರಿನ ಯಾರೋ ಹಿರಿಯಳಿರಬೇಕೆಂದು ನಿರ್ಮಲಾ ತಿಳಿದಿದ್ದಳು. ಅತ್ತೆ ಕುದಾಪುರದ ಮಗಳು ಶಿಲ್ಪಾಳ ಮನೆಯಿಂದ ಸಂಜೆಗೆ ಬರುವವಳಿದ್ದಳು. ಬೈದರೆ ಸಹಿಸಬಹುದು. ಅತ್ತೆ ಬೈಯುವವಳಲ್ಲ, ಮಾತು ಬಿಡುವವಳು. ಹಿಂದೊಮ್ಮೆ ಹಾಲು ಉಕ್ಕಿಸಿದ್ದಕ್ಕೆ ಮನೆಯಲ್ಲಿ ಮಾತಿಲ್ಲದೆ ಕಳೆದ ಆ ದಿನಗಳು ನಿರ್ಮಲಾಳಿಗೆ ಇನ್ನೂ ನೆನಪಿದ್ದವು.

ಚಳ್ಳಕೆರೆಗೆ ಹೋಗಲು ಊರಿನ ಈರೇಶನ ಆಟೋ ಸಿಕ್ಕಿತು. ಕರೆಯದಿದ್ದರೂ ಜಯಕ್ಕ ಹತ್ತಿದಳು. ದಾರಿಯಲ್ಲಿ ಅಡ್ಡ ಬಂದ ಕುರಿಹಿಂಡಿನ ಹಿಂದೆ ಆಟೋ ತೆವಳುವಾಗ, ಅಂಥದೇ ಹೊಸ ಡಬ್ಬ ಕೊಂಡು ಹೆಸರು ಕೆತ್ತಿಸಿಬಿಡು ಎಂದು ಉಪಾಯ ಹೇಳಿದಳು. ಕುರಿ ಕಾಯುವವನೂ ವಿಷಯ ಕೇಳಿಕೊಂಡು, ತಪ್ಪನ್ನು ಬೆಕ್ಕಿನ ಮೇಲೆ ಹಾಕು ಎಂದ.

ಕಂಪನಿಯ ಗೋದಾಮಿನಲ್ಲಿ ಮಲ್ಲಿಕ್ ಚಟ್ನಿಪುಡಿ ಅಂಟಿದ ಬೆರಳು ಚೀಪುತ್ತಿದ್ದ. ಡಬ್ಬ ಖಾಲಿ. ನಿರ್ಮಲಾ ಕೈ ಚಾಚಿದಳು. ಅವನು ಡಬ್ಬವನ್ನು ಎದೆಗವಚಿಕೊಂಡ.

"ಖಾಲಿ ಡಬ್ಬ ಕೊಟ್ರೆ ನಮ್ಮವ್ವ ಮನೆಗೆ ಸೇರಿಸಲ್ಲ ಅಕ್ಕ."

ಆದರೆ ಗೋದಾಮಿನಲ್ಲಿದ್ದದ್ದು ದಾನದ ಮಾಲು. ಬೆಂಗಳೂರಿನ ಮುಖ್ಯ ಕಚೇರಿಯ ಒಪ್ಪಿಗೆಯಿಲ್ಲದೆ, ಫೋಟೋ ಇಲ್ಲದೆ ಹೊರಗೆ ಹೋಗುವಂತಿಲ್ಲ. ಫೋನಿನ ಮೇಲೆ ಫೋನು ಹೋಯಿತು. ಬ್ಯಾನರ್ ಮತ್ತೆ ಬಿಚ್ಚಿಕೊಂಡಿತು. ಪೊಟ್ಟಣ ಬಿಚ್ಚಿ ಡಬ್ಬದ ತುಂಬ ಹಿಟ್ಟು ಸುರಿದು ನಿರ್ಮಲಾಳ ಕೈಗಿಟ್ಟರು. ಅಳು ತಡೆದು ನಿಂತವಳಿಗೆ ನಗಲು ಹೇಳಿದರು. ಜಯಕ್ಕ ಸೆರಗು ಸರಿಮಾಡಿಕೊಂಡು ತಾನೇ ಫಲಾನುಭವಿಯೆಂಬಂತೆ ಮುಂದೆ ನಿಂತಳು.

ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಅತ್ತೆ ಬಾಗಿಲಲ್ಲೇ ಕೂತಿದ್ದಳು.

"ಫೋಟೋದಾಗೆ ಡಬ್ಬ ಚೆನ್ನಾಗಿ ಬಂದೈತೆ. ಕಂಪನಿಯವರು ಹಾಕಿದ್ದು ಶಿಲ್ಪಾನ ಫೋನಿಗೆ ಬಂದಿತ್ತು."

"ತಪ್ಪಾತು ಅತ್ತೆ. ನಿಮ್ಮ ತವರಿಂದು..."

"ತವರಿಂದು ಅಂತ ನಾನ್ಯಾವಾಗ ಹೇಳ್ದೆ? ಮೊಳಕಾಲ್ಮೂರಾಗೆ ನಮ್ಮ ಬೀದಿ ನಿಂಗಕ್ಕಂದು. ನಿನ್ನ ಗಂಡ ಹುಟ್ಟಿದಾಗ ಇದರ ತುಂಬ ಅಂಟಿನುಂಡೆ ಕೊಟ್ಟಿದ್ಲು. ನಾನು ಏನು ಹಾಕಿ ಕೊಡಾನ ಅಂದ್ರೂ ಅದರ ಮುಂದೆ ಕಮ್ಮಿ ಅನ್ನಿಸ್ತಿತ್ತು. ಹಂಗೇ ಉಳೀತು."

ಅವಳು ಮುಚ್ಚಳ ತೆಗೆದಳು. ಬಾದಾಮಿಯ ಘಮ ಮೂಗಿಗೆ ಬಡಿಯಿತು. ಮುದುಕಿಯ ಕಣ್ಣು ತುಸು ತೇವವಾಯಿತು.

"ಇದು ಆಗ್ತದೆ. ಅವಳ ಮೊಮ್ಮಗಳು ಬಾಣಂತಿ ಅಂತೆ. ಬೆಳಗಿನ ಬಸ್ಸಿಗೆ ಹೋಗಿ ನೀನೇ ಕೊಟ್ಟು ಬಾ, ತಾಯಿ."

ತಾಯಿ ಎಂದು ಅತ್ತೆ ಹಿಂದೆಂದೂ ಕರೆದಿರಲಿಲ್ಲ. ನಿರ್ಮಲಾಳಿಗೆ ಆಟೋದ ಕುಲುಕಾಟಕ್ಕೆ ಹಿಡಿದಿದ್ದ ಸೊಂಟದ ನೋವೇ ಮರೆತುಹೋಯಿತು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಇನ್ನೊಂದು ಖಾಲಿ ಡಬ್ಬ ತಂದಳು.

"ಇದನ್ನೂ ಒಯ್ಯಿ. ನಿಂಗಕ್ಕ ನಿನ್ನ ಖಾಲಿ ಕೈಲಿ ಕಳಿಸಾಕಿಲ್ಲ."

ನಿರ್ಮಲಾ ಹೆದರುತ್ತಲೇ ಅದರ ಮುಚ್ಚಳವನ್ನು ಬೆಳಕಿಗೆ ಹಿಡಿದಳು. 'ಜಯಕ್ಕ' ಎಂದು ಕೆತ್ತಿತ್ತು.