ಮೂರನೆಯ ಸಾಲಿನಲ್ಲಿ ನಾನು ತೀರಿಕೊಂಡಿದ್ದೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮೊಮ್ಮಕ್ಕಳು ಮಾಡಿದ್ದರಲ್ಲಿ ತಪ್ಪು ಹುಡುಕುವ ಕಣ್ಣನ್ನು ದೇವರು ನನಗೆ ಕೊಟ್ಟಿಲ್ಲ. ಮಿರಜ ಪೇಟೆಯಲ್ಲಿ ನಲವತ್ತು ವರ್ಷ ಅರಿಶಿಣ, ಬೆಲ್ಲ ಮಾರಿದವನು ನಾನು. ಬೆಲ್ಲದ ಪೆಂಟಿಯನ್ನು ಬೆರಳಿನಿಂದ ತಟ್ಟಿ ಒಳಗೇನಿದೆ ಎಂದು ಹೇಳುತ್ತಿದ್ದೆ. ಅದೇ ನಾನು, ಮೊಮ್ಮಗಳು ಸಾನಿಕಾ ನಾಲ್ಕು ವರ್ಷದವಳಿದ್ದಾಗ ಬರೆದ ಆನೆಗೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೆ. ಯಾರಾದರೂ ಗಿರಾಕಿ ‘ಹಿಟ್ಟಿನ ಗಿರಣಿ ಚಿತ್ರ ಭಾಳ ಛಲೋ ಐತ್ರಿ’ ಎಂದರೆ ಹೌದ್ರಿ ಎನ್ನುತ್ತಿದ್ದೆ. ಆನೆ ಎಂದು ವಾದಿಸಿ ಗಿರಾಕಿಯನ್ನೇಕೆ ಕಳೆದುಕೊಳ್ಳಬೇಕು?

ಆ ಸಾನಿಕಾ ಈಗ ಮನೆಯ ಮಾಳಿಗೆಯಲ್ಲಿ ಕೂತು ಕಂಪ್ಯೂಟರಿನ ಪ್ರೋಗ್ರಾಮು ಬರೆಯುತ್ತಾಳೆ. ಹೆಸರು, ಊರು, ಮುಹೂರ್ತ ತುಂಬಿದರೆ ಸಾಕು, ಲಗ್ನಪತ್ರಿಕೆ ತಾನಾಗಿ ತಯಾರು. ಸಾಂಗ್ಲಿಯ ಒಬ್ಬ ಪ್ರೆಸ್ಸಿನ ಮಾಲಕರು ಅದನ್ನು ತೆಗೆದುಕೊಳ್ಳಲು ಒಪ್ಪಿದ್ದರು, ಆದರೆ ಒಂದು ಷರತ್ತು ಹಾಕಿದ್ದರು. ಲಿಂಗನೂರು, ಸಲಗರೆ ಕಡೆಯವರಿಗೆ ಪತ್ರಿಕೆ ಕನ್ನಡದಲ್ಲಿ ಬೇಕು, ಮೊದಲು ಒಂದು ಮನೆಯದು ತಪ್ಪಿಲ್ಲದೆ ಬರಲಿ, ಆಮೇಲೆ ಮಾತು. ಸಾನಿಕಾಗೆ ಕನ್ನಡ ತಿಳಿಯುತ್ತದೆ, ಅರ್ಧ ಮರಾಠಿ ಬೆರೆಸಿ ಮಾತೂ ಆಡುತ್ತಾಳೆ, ಓದಲು ಬಾರದು. ಈ ಮನೆಯಲ್ಲಿ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರು ಇಬ್ಬರೇ. ಮೂರನೆಯ ಇಯತ್ತೆ ಮುಗಿಸಿದ ನಾನು, ಎರಡನೆಯದು ಮುಗಿಸದ ನನ್ನ ಹೆಂಡತಿ ಶಾಂತವ್ವ. ಸಹಜವಾಗಿ ಹೆಚ್ಚು ಓದಿದವನಿಗೆ ನೌಕರಿ ಸಿಕ್ಕಿತು. ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಅರ್ಜಿ ಹಾಕದೆ! ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಮಾಳಿಗೆ ಹತ್ತಿದೆ.

ಕೆಲಸ ಏನೆಂದು ಅವಳು ಬಿಡಿಸಿ ಹೇಳಿದಳು. ಪ್ರೋಗ್ರಾಮು ಸರಿಯಿದೆಯೋ ಎಂದು ನೋಡುವ ಪರೀಕ್ಷೆ ಒಂದೇ, ಅದರ ಕೆಳಗೆ ಹೆಸರುಗಳ ಎಂಟು ಸಾಲು. ಒಂದೊಂದು ಸಾಲಿಗೂ ಅದೇ ಪರೀಕ್ಷೆ ಓಡಿ ಒಂದೊಂದು ಪತ್ರಿಕೆ ಹೊರಬೀಳುತ್ತದೆ. ಮೊದಲ ಸಲ ಬಿದ್ದದ್ದನ್ನು ನೋಡಿ ಸರಿ ಎಂದರೆ ಯಂತ್ರ ಅದರ ನಕಲು ಎತ್ತಿಟ್ಟುಕೊಳ್ಳುತ್ತದೆ. ಅದಕ್ಕೆ ಅವಳು ಸ್ನ್ಯಾಪ್‌ಶಾಟ್ ಅನ್ನುತ್ತಾಳೆ, ನಾನು ಫೋಟೋ ಅನ್ನುತ್ತೇನೆ. ಮುಂದೆ ಪ್ರೋಗ್ರಾಮಿಗೆ ಎಲ್ಲಿ ಕೈಹಚ್ಚಿದರೂ ಹೊಸದನ್ನು ಆ ಫೋಟೋದ ಪಕ್ಕಕ್ಕೆ ಹಿಡಿದು ನೋಡುತ್ತದೆ. ಒಂದು ಚುಕ್ಕೆ ಬದಲಾದರೂ ಕೆಂಪು, ಇಲ್ಲದಿದ್ದರೆ ಹಸಿರು.

ಸಾಲುಗಳಿಗೆ ಅವಳು ನಮ್ಮ ಹೆಸರನ್ನೇ ಹಾಕಿದ್ದಳು. ಒಂದನೆಯದರಲ್ಲಿ ವಧುವಿನ ಅಜ್ಜ, ಅಜ್ಜಿ ಇಬ್ಬರೂ ಇದ್ದಾರೆ. ಎರಡರಲ್ಲಿ ಅಜ್ಜ ಇಲ್ಲ, ಮೂರರಲ್ಲಿ ಅಜ್ಜಿ ಇಲ್ಲ, ನಾಲ್ಕರಲ್ಲಿ ಇಬ್ಬರೂ ಇಲ್ಲ. ತೀರಿಕೊಂಡವರ ಹೆಸರಿನ ಮುಂದೆ ನಮ್ಮವರ ಪದ್ಧತಿಯಂತೆ ‘ಲಿಂಗೈಕ್ಯ’ ಎಂದು ಬರಬೇಕು. ಉಳಿದ ನಾಲ್ಕು ಸಾಲು ಉದ್ದ ಹೆಸರು, ಗಿಡ್ಡ ಹೆಸರುಗಳದು. ‘ಅಜ್ಜಾ, ನೀಟ ನೋಡ್ರಿ’ ಎಂದಳು. ನೋಡುವುದೇನು? ಪರದೆಯ ಮೇಲೆ ನನ್ನ ಹೆಸರು ಬಂಗಾರದ ಬಣ್ಣದಲ್ಲಿ, ಸುತ್ತ ಬಳ್ಳಿ, ಮೇಲೊಂದು ಕಳಸ. ಬರೆದವಳು ನನ್ನ ಮೊಮ್ಮಗಳು. ಕಣ್ಣಲ್ಲಿ ನೀರು ತುಂಬಿದರೆ ಅಕ್ಷರ ಕಾಣುತ್ತದೆಯೇ? ಎಂಟಕ್ಕೂ ‘ಛಲೋ ಐತಿ’ ಎಂದೆ. ಎಂಟು ಫೋಟೋ ಭದ್ರವಾದವು. ಅಂದಿನಿಂದ ದಿನಾ ಎಂಟೂ ಹಸಿರು. ನಾನು ಓಣಿಗೆಲ್ಲ ಪೇಢೆ ಹಂಚಿದೆ.

ಲಿಂಗನೂರಿನ ಒಂದು ಮನೆಯ ಪತ್ರಿಕೆ ಅಚ್ಚಿಗೆ ಹೋಗುವ ಮುಂಚಿನ ದಿನ, ಶಾಂತವ್ವ ಚಹಾ ತಂದವಳು ಅಲ್ಲೇ ನಿಂತು, ಪರದೆಗೆ ಬೆರಳು ಹಚ್ಚಿ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಓದು ಕಡಿಮೆಯಿದ್ದವರ ದೊಡ್ಡ ಅನುಕೂಲವೆಂದರೆ ಅವರು ಪೂರ್ತಿ ಓದುತ್ತಾರೆ.

‘ಸಾನು, ಈ ಮೂರನೇದ್ರಾಗ ಸತ್ತಾಕಿ ನಾನು ಅಂದಿದ್ದಿ ಅಲ್ಲೇನ? ಇಲ್ಲಿ ಇವ್ರು ಲಿಂಗೈಕ್ಯ ಆಗ್ಯಾರಲ್ಲ’ ಎಂದಳು. ಮತ್ತೆ ಎರಡನೆಯ ಸಾಲಿಗೆ ಬೆರಳು ಸರಿಸಿ, ‘ಇಲ್ಲೂ ಇವ್ರಽ. ಇವ್ರು ಸತ್ರೂ ಇವ್ರಽ ಸಾಯ್ತಾರ, ನಾ ಸತ್ರೂ ಇವ್ರಽ ಸಾಯ್ತಾರ. ಅಷ್ಟು ಪ್ರೀತಿ ಐತಿ ಅಂತ ನನಗ ಗೊತ್ತಽ ಇರಲಿಲ್ಲ ನೋಡವ್ವಾ’ ಎಂದು ಚಹಾದ ಕಪ್ಪು ನನ್ನ ಕೈಗೆ ಕೊಟ್ಟಳು.

ಸಾನಿಕಾಳ ಮುಖ ಬಿಳಚಿಕೊಂಡಿತು. ಲಿಂಗನೂರಿನ ಮನೆಯಲ್ಲಿ ವಧುವಿನ ಅಜ್ಜಿ ಇಲ್ಲ, ಅಜ್ಜ ಇದ್ದಾರೆ. ಥೇಟ್ ಮೂರನೆಯ ಸಾಲು. ಆ ಪತ್ರಿಕೆ ಹೊರಬಿದ್ದಿದ್ದರೆ, ಗಟ್ಟಿಮುಟ್ಟಾದ ಮನುಷ್ಯನೊಬ್ಬ ಮೊಮ್ಮಗಳ ಲಗ್ನಕ್ಕೆ ತಾನು ಸತ್ತ ಸುದ್ದಿಯನ್ನು ತಾನೇ ಮನೆಮನೆಗೆ ಹಂಚಬೇಕಾಗುತ್ತಿತ್ತು. ಇಬ್ಬರಲ್ಲಿ ಯಾರು ಹೋದರೂ ಪ್ರೋಗ್ರಾಮು ಮೊದಲ ಹೆಸರಿಗೇ ಆ ಪದ ಅಂಟಿಸುತ್ತಿತ್ತಂತೆ. ಯಂತ್ರ ಪ್ರಾಮಾಣಿಕ. ನಾನು ಸರಿ ಎಂದದ್ದನ್ನೇ ದಿನಾ ಕಾವಲು ಕಾಯ್ದು ಹಸಿರು ತೋರಿಸಿತ್ತು. ನನ್ನ ಸಾವಿಗೆ ಒಪ್ಪಿಗೆ ಕೊಟ್ಟವನು ನಾನೇ, ಅದೂ ಪೇಢೆ ಹಂಚಿ.

ಸಾನಿಕಾ ಮಧ್ಯಾಹ್ನದೊಳಗೆ ತಿದ್ದಿದಳು. ಪರೀಕ್ಷೆ ಓಡಿಸಿದರೆ ಮೂರನೆಯ ಸಾಲು ಕೆಂಪು. ನಾನು ಎದೆ ಹಿಡಿದುಕೊಂಡೆ. ಅವಳು ನಕ್ಕಳು. ಹಳೆಯ ಫೋಟೋನೇ ತಪ್ಪಿತ್ತು, ಹೊಸದು ಅದಕ್ಕೆ ಹೊಂದದಿರುವುದೇ ಸರಿ, ಈಗ ನೀವು ಓದಿ ಒಪ್ಪಿದರೆ ಹೊಸ ಫೋಟೋ ಇಡುತ್ತೇನೆ ಎಂದಳು. ಈ ಸಲ ಬೆರಳು ಇಟ್ಟು, ಗಟ್ಟಿಯಾಗಿ ಓದಬೇಕಂತೆ. ಓದಿದೆ. ಮೂರನೆಯ ಸಾಲಿಗೆ ಬಂದು ಬೆರಳು ನಿಂತಿತು. ನನ್ನ ಹೆಸರಿನ ಮುಂದೆ ಏನೂ ಇಲ್ಲ; ಶಾಂತವ್ವನ ಹೆಸರಿನ ಮುಂದೆ ಆ ಪದ. ಎಲ್ಲವೂ ಸರಿಯಾಗಿತ್ತು. ‘ಸರಿ ಐತಿ’ ಎನ್ನಲು ಬಾಯಿ ಬರಲಿಲ್ಲ.

ಬೇರೆ ಯಾರದಾದರೂ ಹೆಸರು ಹಾಕು ಎಂದು ಸಾನಿಕಾಗೆ ಪಿಸುಗುಟ್ಟಿದೆ. ಬಾಗಿಲಲ್ಲೇ ಇದ್ದ ಶಾಂತವ್ವನಿಗೆ ಕೇಳಿಸಿತು.

‘ಮುತ್ತೈದಿ ಆಗಿ ಹೋಗೂದು ನನಗ ಅದೊಂದಽ ಸಾಲಿನ್ಯಾಗ ಸಿಕ್ಕೇತಿ. ಅದನ್ನೂ ತಪ್ಪಸ್ತೀರೇನ? ಹೂಂ ಅನ್ರಿ, ಮಂದಿ ಮನಿ ಲಗ್ನ ಐತಿ.’

ಹೂಂ ಎಂದೆ. ಹಸಿರಾಯಿತು. ನೌಕರಿಯಲ್ಲಿ ನಾನು ಪೂರ್ತಿ ಓದಿ ಮಾಡಿದ ಮೊದಲ ಕೆಲಸ ಅದು, ಇಸ್ತ್ರಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ.

ಲಿಂಗನೂರಿನ ಅಜ್ಜ ಪತ್ರಿಕೆಯಲ್ಲಿ ಸುಖವಾಗಿ ಜೀವಂತ ಬಂದರು. ಮಾಲಕರು ಪ್ರೋಗ್ರಾಮನ್ನು ತೆಗೆದುಕೊಂಡರು. ಈಗ ಫೋಟೋ ಒಪ್ಪುವ ಅಧಿಕಾರ ಶಾಂತವ್ವನದು. ನನ್ನನ್ನು ತೆಗೆದುಹಾಕಿಲ್ಲ, ಅವಳು ಓದುವಾಗ ಪಕ್ಕದಲ್ಲಿ ಕೂರುವ ಹುದ್ದೆ ಕೊಟ್ಟಿದ್ದಾರೆ. ನಾನೂ ಪಾಠ ಕಲಿತಿದ್ದೇನೆ, ಇನ್ನು ಮುಂದೆ ನೋಡದೆ ಹೊಗಳುವುದಿಲ್ಲ ಎಂದು ಇಬ್ಬರ ಮುಂದೆಯೂ ಆಣೆ ಮಾಡಿದೆ. ನಿನ್ನೆ ಸಾನಿಕಾ, ಪತ್ರಿಕೆಯ ನೆತ್ತಿಗೆ ತಾನೇ ಒಂದು ಗಣಪತಿ ಬರೆದಿದ್ದೇನೆ, ನೋಡಿ ಹೇಳಿ ಎಂದಳು. ಸೊಂಡಿಲು ಭಾಳ ಛಲೋ ಬಂದೈತಿ ಎಂದೆ. ಅವಳು ಕಂಪ್ಯೂಟರನ್ನು ಇನ್ನೂ ತೆರೆದಿರಲಿಲ್ಲ.